ಹಿತ್ತಾಳೆಯ ಕಿವಿ

ಯಾರು ಬಂದು ಏನು ಹೇಳಿದರೂ ನಂಬಿಬಿಡುವ ದೊಡ್ಡ ಮನುಷ್ಯರನ್ನು ಕಂಡರೆ ನಮ್ಮ ಜನ 'ಅವರದು ಹಿತ್ತಾಳೆ ಕಿವಿ' ಎನ್ನುತ್ತಾರೆ. ಮಾತು ಹಳೆಯದು, ಅರಸರ ಕಾಲದ್ದೇ ಇರಬೇಕು. ಚಾಡಿಗೆ ಬೇಗ ಕಿವಿಗೊಡುವುದು ಅಧಿಕಾರಕ್ಕೆ ಅಂಟಿಕೊಂಡ ರೋಗವಷ್ಟೆ. ಆದರೆ ಆ ರೋಗಕ್ಕೆ ಹಿತ್ತಾಳೆಯ ಹೆಸರು ಏಕೆ ಬಂತೆಂದು ನಾನು ಬಹಳ ದಿನ ಯೋಚಿಸಿರಲಿಲ್ಲ. ಚಿನ್ನದಂತೆ ಹೊಳೆದು ಚಿನ್ನವಾಗದ ಲೋಹ ಅದು. ಆ ಒಂದು ತಪ್ಪನ್ನು ನಾವು ಎಂದೂ ಕ್ಷಮಿಸಿದಂತಿಲ್ಲ. ದೇವರ ಮುಂದಿನ ದೀಪಕ್ಕೆ, ಅಡುಗೆಮನೆಯ ಕೊಳಗಕ್ಕೆ, ಬಾಗಿಲ ಚಿಲಕಕ್ಕೆ ಹಿತ್ತಾಳೆ ಬೇಕು. ಹೊಗಳಿಕೆಗೆ ಮಾತ್ರ ಬೇಡ. ಈಚೆಗೆ ಒಂದು ಸಣ್ಣ ಸಂಗತಿ ನಡೆದ ಮೇಲೆ, ಈ ನುಡಿಗಟ್ಟನ್ನು ತಿರುಗಿಸಿ ನೋಡುವ ಅಭ್ಯಾಸ ನನಗೆ ಅಂಟಿದೆ. ಹಿತ್ತಾಳೆಯ ಕಿವಿ ಇರುವುದು ದೋಷವೇನೋ ಸರಿ. ಹಿತ್ತಾಳೆಗೆ ಕೊಡಲು ಕಿವಿಯೇ ಇಲ್ಲದಿರುವುದು ಅದಕ್ಕಿಂತ ದೊಡ್ಡ ದೋಷವಲ್ಲವೆ?

ನಾನಿರುವುದು ತುಮಕೂರು ರಸ್ತೆಯ ಮಾದನಾಯಕನಹಳ್ಳಿಯಲ್ಲಿ. ಒಂದು ಕಾಲಕ್ಕೆ ರಾಗಿ ಹೊಲಗಳಿದ್ದ ಜಾಗ. ಈಗ ಲೇತು, ಪ್ರೆಸ್ಸು, ಬಣ್ಣದ ಭಟ್ಟಿಗಳ ಊರು. ಪಕ್ಕದ ಮಾದಾವರದವರೆಗೆ 2024ರಲ್ಲಿ ಮೆಟ್ರೋ ರೈಲೂ ಬಂತು. ಹೆದ್ದಾರಿಯ ಇಕ್ಕೆಲಗಳಲ್ಲಿ ಕಾರ್ಖಾನೆಗಳ ನಡುನಡುವೆ ಕಲ್ಯಾಣ ಮಂಟಪಗಳೆದ್ದಿವೆ. ಮುಹೂರ್ತದ ತಿಂಗಳು ಬಂದರೆ ಸಂಜೆ ಲಾರಿಗಳ ಹಾರನ್ನಿನ ಜೊತೆಗೆ ಬ್ಯಾಂಡ್ ಸೆಟ್ಟಿನ ತುತ್ತೂರಿಯೂ ಕೇಳುತ್ತದೆ. ಎರಡನ್ನೂ ನಾನು ಒಂದೇ ಬಗೆಯ ಸದ್ದೆಂದು ಎಣಿಸಿ, ಕಿಟಕಿ ಮುಚ್ಚಿಕೊಳ್ಳುತ್ತಿದ್ದೆ.

ನನ್ನ ಕಿರಿಯ ಮಗಳ ಮದುವೆ ಇಂಥದೇ ಒಂದು ಮಂಟಪದಲ್ಲಿ ಆಯಿತು. ಹುಡುಗನ ಕಡೆಯವರು ಮೆರವಣಿಗೆಗೆ ಬ್ಯಾಂಡು ಬೇಕೆಂದರು. ನಾನು ಆರತಕ್ಷತೆಗೆ ವೀಣೆ ಪಿಟೀಲು ಬೇಕೆಂದೆ. ಎರಡೂ ಗೊತ್ತಾದವು. ವೀಣೆಯ ವಿದ್ವಾಂಸರ ಮನೆಗೆ ನಾನೇ ಹಣ್ಣು ತೆಗೆದುಕೊಂಡು ಹೋದೆ. ಅವರು ಹೇಳಿದ ಸಂಭಾವನೆಗೆ ತಲೆಯಾಡಿಸಿ ಬಂದೆ. ಬ್ಯಾಂಡಿನವರನ್ನು ಮಂಟಪದ ಗೇಟಿಗೇ ಕರೆಸಿ, ನಿಂತ ನಿಲುವಿನಲ್ಲಿ ಹದಿನೆಂಟು ಸಾವಿರವನ್ನು ಹದಿನೈದಕ್ಕೆ ಇಳಿಸಿದೆ. ಹನ್ನೆರಡು ಮಂದಿ ಬರುವುದೆಂದು ಮಾತು. ಬಂದವರು ಹನ್ನೊಂದು. ರಾತ್ರಿ ಲೆಕ್ಕ ತೀರಿಸುವಾಗ ಸಾವಿರ ರೂಪಾಯಿ ಹಿಡಿದುಕೊಂಡೆ. ವಿದ್ವಾಂಸರಿಗೆ ಶಾಲು, ಪೇಟ, ತಟ್ಟೆಯ ತುಂಬ ಫಲ; ಬ್ಯಾಂಡಿನವರಿಗೆ ಕೊನೆಯ ಪಂಕ್ತಿಯ ಊಟ, ಅಷ್ಟು ಹೊತ್ತಿಗೆ ಒಬ್ಬಟ್ಟು ಮುಗಿದುಹೋಗಿತ್ತು. ಇದರಲ್ಲಿ ಅನ್ಯಾಯವೇನಾದರೂ ಇದೆಯೆಂದು ಅಂದು ನನಗೆ ಹೊಳೆಯಲೇ ಇಲ್ಲ. ನನ್ನ ಬಂಧುಗಳಲ್ಲಿ ಯಾರಿಗೂ ಹೊಳೆಯಲಿಲ್ಲ.

ಎರಡು ತಿಂಗಳಾದ ಮೇಲೆ ಹೆದ್ದಾರಿಯ ಪಕ್ಕದ ಟೀ ಅಂಗಡಿಯಲ್ಲಿ ನೀಲಿ ಸಮವಸ್ತ್ರ ತೊಟ್ಟ ಕಾರ್ಖಾನೆಯ ಕೆಲಸಗಾರರೊಬ್ಬರು, 'ಮಗಳು ಚೆನ್ನಾಗವ್ರಾ ಸಾರ್?' ಎಂದು ಕೇಳಿದರು. ಗುರುತು ಸಿಗಲಿಲ್ಲ. 'ನಿಮ್ಮನೆ ಮದುವೇಲಿ ಬ್ಯಾಂಡು' ಎಂದರು. ಕೆಂಪು ಕೋಟು, ಜರತಾರಿ ಟೋಪಿ ಇಲ್ಲದೆ ಆ ಮನುಷ್ಯರನ್ನು ನಾನು ಗುರುತಿಸಲಾರದೆ ಹೋದೆ. ವಾರದ ದಿನಗಳಲ್ಲಿ ಅವರು ತಗಡು ಒತ್ತುವ ಯಂತ್ರದ ಮುಂದೆ ನಿಲ್ಲುವವರು. ಮುಹೂರ್ತ ಬಂದಾಗ ತುತ್ತೂರಿಗೆ ಬ್ರಾಸೋ ಹಾಕಿ ಉಜ್ಜಿ ಬ್ಯಾಂಡ್ ಮಾಸ್ಟರಾಗುವವರು. ಆ ದಿನ ಅವರು ನನ್ನನ್ನು ಒಂದು ಪ್ರಶ್ನೆ ಕೇಳಿದರು. ಅದು ಏನೆಂಬುದನ್ನು ಕೊನೆಗೆ ಹೇಳುತ್ತೇನೆ. ಅದಕ್ಕೆ ಉತ್ತರ ಹುಡುಕುತ್ತ ಹೋದ ದಾರಿಯೇ ಈ ಬರಹ.

ಸಂಗೀತದಲ್ಲಿ ಮೇಲುಕೀಳು ಇದೆಯೆ? ಇದೆ ಎಂದು ನಾವೆಲ್ಲ ಒಪ್ಪುತ್ತೇವೆ. ಒಪ್ಪದಿದ್ದರೆ ರುಚಿ ಎಂಬ ಮಾತಿಗೆ ಅರ್ಥವಿಲ್ಲ. ನನ್ನ ಪ್ರಶ್ನೆ ಅದಲ್ಲ. ಆ ಮೇಲುಕೀಳು ನಾದದಲ್ಲಿದೆಯೋ ಅಥವಾ ನುಡಿಸುವವರನ್ನು ನಾವು ಕೂರಿಸುವ ಜಾಗದಲ್ಲಿದೆಯೋ ಎಂಬುದು ಪ್ರಶ್ನೆ. ಪಾಶ್ಚಾತ್ಯರು ನಾಲ್ಕೈದು ಮಂದಿ ಒಂದು ಕೋಣೆಯಲ್ಲಿ ಕುಳಿತು, ಒಂದಿಷ್ಟು ಜನರಿಗಾಗಿ ನುಡಿಸುವುದನ್ನು ಚೇಂಬರ್ ಸಂಗೀತ ಎನ್ನುತ್ತಾರೆ. ನಮ್ಮ ಮನೆಗಚೇರಿಯೂ ಅದೇ ಜಾತಿಯದು. ಧ್ವನಿವರ್ಧಕ ಬರುವವರೆಗೆ ನಮ್ಮ ವೀಣೆಯೆಲ್ಲ ಕೋಣೆಯ ಸಂಗೀತವೇ. ಹಿತ್ತಾಳೆಯ ವಾದ್ಯಗಳ ಮನೆ ಬಯಲು: ಯುದ್ಧ, ಬೇಟೆ, ಜಾತ್ರೆ, ಮೆರವಣಿಗೆ. ಕೋಣೆಯ ಸಂಗೀತ ಕೇಳುಗನನ್ನು ಹತ್ತಿರ ಕರೆಯುತ್ತದೆ. ಬೀದಿಯ ಸಂಗೀತ ತಾನೇ ಅವನಿದ್ದಲ್ಲಿಗೆ ಬರುತ್ತದೆ. ಕರೆದಲ್ಲಿಗೆ ಹೋದವನಿಗೆ ಗೌರವ ಹುಟ್ಟುತ್ತದೆ. ಮನೆ ಬಾಗಿಲಿಗೆ ಬಂದದ್ದನ್ನು ಕಂಡರೆ ತಾತ್ಸಾರ. ಭಿಕ್ಷುಕನ ವಿಷಯದಲ್ಲಿ ನಡೆಯುವುದೂ ಇದೇ.

ತಾತ್ಸಾರಕ್ಕೆ ಇನ್ನೊಂದು ಕಾರಣವಿದೆ. ಅದನ್ನು ಬಾಯಿಬಿಟ್ಟು ಹೇಳುವುದು ಸಭ್ಯತೆಯಲ್ಲವೆಂದು ಸುಮ್ಮನಿರುತ್ತೇವೆ. ಅದು ಎಂಜಲು. ತಂತಿಯನ್ನು ಬೆರಳು ಮುಟ್ಟುತ್ತದೆ. ಊದುವ ವಾದ್ಯವನ್ನು ಬಾಯಿ ಮುಟ್ಟುತ್ತದೆ. ವೀಣೆ ಕೆಲವರ ಮನೆಯಲ್ಲಿ ದೇವರ ಪಕ್ಕ ಕುಳಿತಿತು. ನಾಗಸ್ವರ ಗುಡಿಯ ಬಾಗಿಲಲ್ಲಿ ನಿಂತಿತು. ಊದುವ ಕೆಲಸ ಕೆಲವು ಜಾತಿಗಳ ಪಾಲಿಗೆ ಬಂತು. ಆ ಜಾತಿಗಳನ್ನು ದೂರವಿಡಲು ಆ ಕೆಲಸವೇ ನೆಪವೂ ಆಯಿತು.

ಈ ವಾದ ಎಷ್ಟು ಹುಸಿಯೆಂಬುದನ್ನು ನೋಡಲು ದೂರ ಹೋಗಬೇಕಾಗಿಲ್ಲ. ಹಿತ್ತಾಳೆ ವಾದ್ಯದಲ್ಲಿ ತಂತಿಯಿಲ್ಲ, ಪೀಪಿಯಿಲ್ಲ. ಅದರಲ್ಲಿ ಕಂಪಿಸುವುದು ನುಡಿಸುವವನ ತುಟಿಯೇ. ತುಟಿ ಬಿಗಿದರೆ ಸ್ವರ ಮೇಲೇರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಕೊಳವೆ ಆ ಕಂಪನವನ್ನು ಹಿಗ್ಗಿಸಿ ಹೊರಗೆ ಕಳಿಸುತ್ತದೆ. ವಾದ್ಯಗಳನ್ನು ಶಾಸ್ತ್ರೀಯವಾಗಿ ವಿಂಗಡಿಸುವವರು ಲೋಹವನ್ನು ನೋಡುವುದಿಲ್ಲ, ನಾದ ಹುಟ್ಟುವ ಕ್ರಮವನ್ನು ನೋಡುತ್ತಾರೆ. ಆ ಕ್ರಮದ ಪ್ರಕಾರ ನಮ್ಮ ದೇವರ ಮನೆಯ ಶಂಖ ತುತ್ತೂರಿಯ ಸಾಕ್ಷಾತ್ ಬಂಧು! ಪೂಜೆ ಮಾಡುವವರು ಅದನ್ನು ಬಾಯಿಟ್ಟೇ ಊದುತ್ತಾರೆ. ಕೊಳಲಿಗೂ ಎಂಜಲಿಲ್ಲ, ಕೃಷ್ಣ ಅದನ್ನು ಊದಿದ. ಹಾಗಾದರೆ ಮೈಲಿಗೆ ತುಟಿಯಲ್ಲಿಲ್ಲ, ತುಟಿ ಯಾರದೆಂಬುದರಲ್ಲಿದೆ. ಇಷ್ಟು ಒಪ್ಪಿದ ಮೇಲೆ ಉಳಿದ ತರ್ಕ ತಾನಾಗಿ ಬಿದ್ದುಹೋಗುತ್ತದೆ.

ನಮ್ಮ ಭಾಷೆಯ ನೆನಪು ನಮಗಿಂತ ಉದಾರವಾದದ್ದು. 'ಓಲಗ' ಎಂದರೆ ಅರಸನ ಸಭೆ. ಒಡ್ಡೋಲಗ ಎಂಬ ಮಾತನ್ನು ಹಳಗನ್ನಡ ಕಾವ್ಯ ಓದಿದವರೆಲ್ಲ ಬಲ್ಲರು. ಮದುವೆಮನೆಯಲ್ಲಿ ನಾಗಸ್ವರ ಊದುವವರ ಮೇಳಕ್ಕೂ ಅದೇ ಹೆಸರು. ಜನರ ಬಾಯಲ್ಲಿ ಅದು 'ವಾಲಗ'ವಾಗಿದೆ. ಸಿಂಹಾಸನದ ಮೇಲಿರುವವನಿಗೂ ಚಪ್ಪರದ ಮೂಲೆಯಲ್ಲಿ ಕುಳಿತವನಿಗೂ ಕನ್ನಡ ಒಂದೇ ಶಬ್ದವನ್ನು ಹಂಚಿಕೊಟ್ಟಿದೆ. ನಾವು ಅದನ್ನು ಎರಡು ಮಾಡಿಕೊಂಡೆವು.

ಈ ಎರಡು ಓಲಗಗಳೂ ಒಂದೇ ಅಂಗಳದಲ್ಲಿ ಸೇರಿದ ಊರು ನಮ್ಮಲ್ಲಿ ಇದ್ದದ್ದು ಮೈಸೂರು. ಅಲ್ಲಿಯ ಅರಮನೆಯ ಬ್ಯಾಂಡು 1868ರಲ್ಲಿ ಹುಟ್ಟಿತು. ಮುಂದೆ ಅದರಲ್ಲಿ ಎರಡು ಕವಲು: ಒಂದು ಆಂಗ್ಲ ವಾದ್ಯವೃಂದ, ಇನ್ನೊಂದು ಕರ್ನಾಟಕ ವಾದ್ಯವೃಂದ. ಈ ಎರಡನೆಯದು ಪಾಶ್ಚಾತ್ಯ ವಾದ್ಯಗಳಲ್ಲಿ ನಮ್ಮ ಕೃತಿಗಳನ್ನು ನುಡಿಸತಕ್ಕದ್ದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಜರ್ಮನಿಯ ಆಟೋ ಷ್ಮಿಟ್ ಅರಮನೆಯ ವಾದ್ಯವೃಂದವನ್ನು ನಡೆಸಿದರು. ಬಸವಪ್ಪ ಶಾಸ್ತ್ರಿಗಳು ಬರೆದ ಸಂಸ್ಥಾನದ ಗೀತೆಯನ್ನು ಇದೇ ಬ್ಯಾಂಡು ನುಡಿಸುತ್ತಿತ್ತು. ಸಂಸ್ಥಾನ ಹೋದ ಮೇಲೆ ಬ್ಯಾಂಡು ಪೊಲೀಸ್ ಇಲಾಖೆಗೆ ಸೇರಿತು. ಇಂದಿಗೂ ದಸರೆಯಲ್ಲಿ ಖಾಕಿ ಇಲಾಖೆಯ ಮಂದಿ ತುತ್ತೂರಿ ಹಿಡಿದು ತ್ಯಾಗರಾಜರನ್ನು ನುಡಿಸುವುದನ್ನು ಕೇಳಬಹುದು. ಲಾಠಿಯ ಇಲಾಖೆಗೆ ಲಯದ ಜವಾಬ್ದಾರಿಯೂ ಬಂದದ್ದು ನಮ್ಮ ನಾಡಿನ ವಿನೋದಗಳಲ್ಲೊಂದು. ಅದು ಒಳ್ಳೆಯ ವಿನೋದ.

ತುತ್ತೂರಿಯಲ್ಲಿ ಕೃತಿ ನುಡಿಸುವುದು ಸುಲಭವೆಂದು ತಿಳಿಯಬಾರದು. ಮೊದಲಿನ ಕಹಳೆಯಲ್ಲಿ ಕೊಳವೆಯ ಸಹಜ ಸ್ವರಗಳಷ್ಟೇ ಬರುತ್ತಿದ್ದವು. 1818ರಲ್ಲಿ ಜರ್ಮನಿಯ ಷ್ಟಾಲ್ಟ್ಸೆಲ್, ಬ್ಲೂಮೆಲ್ ಎಂಬ ಇಬ್ಬರು ಕವಾಟಕ್ಕೆ ಹಕ್ಕುಪತ್ರ ಪಡೆದರು. ಗುಂಡಿ ಒತ್ತಿದರೆ ಗಾಳಿ ಉದ್ದದ ದಾರಿ ಹಿಡಿಯುತ್ತದೆ, ಸ್ವರ ಇಳಿಯುತ್ತದೆ. ಮೂರು ಗುಂಡಿಗಳಿಂದ ಎಲ್ಲ ಹನ್ನೆರಡು ಸ್ವರಸ್ಥಾನಗಳೂ ಕೈಗೆ ಬಂದವು. ಆದರೆ ಗುಂಡಿ ಮೆಟ್ಟಿಲನ್ನು ಕೊಡುತ್ತದೆ, ನಮಗೆ ಬೇಕಾದದ್ದು ಜಾರು. ಸ್ವರದಿಂದ ಸ್ವರಕ್ಕೆ ತೂಗಿಕೊಂಡು ಹೋಗದೆ ನಮ್ಮ ರಾಗ ರಾಗವಾಗುವುದಿಲ್ಲ. ಆ ಗಮಕವನ್ನು ತರಬೇಕಾದರೆ ಗುಂಡಿಯನ್ನು ಅರ್ಧ ಒತ್ತಿ, ಉಳಿದದ್ದನ್ನು ತುಟಿಯಿಂದಲೂ ಉಸಿರಿನಿಂದಲೂ ಸಾಧಿಸಬೇಕು. ಯಂತ್ರ ಎಲ್ಲಿ ಕೈಬಿಡುತ್ತದೋ ಅಲ್ಲಿ ಮನುಷ್ಯ ಮೈಯಿಟ್ಟು ದುಡಿಯಬೇಕು.

ಇದೇ ಅರಮನೆಯ ಒಳಕೋಣೆಯ ಕಥೆ ಬೇರೆ. ಜಯಚಾಮರಾಜ ಒಡೆಯರು 1919ರಲ್ಲಿ ಹುಟ್ಟಿದರು; ಪಿಯಾನೋ ಕಲಿತರು. ವೇದಿಕೆಯ ಮೇಲೆ ನುಡಿಸುವ ವಾದಕನಾಗಬೇಕೆಂಬುದು ಅವರ ಹಂಬಲವಾಗಿತ್ತು. 1940ರ ಮಾರ್ಚಿಯಲ್ಲಿ ತಂದೆ ತೀರಿಕೊಂಡರು. ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿಯವರು ತೀರಿಕೊಂಡರು. ಇಪ್ಪತ್ತೊಂದರ ಯುವಕ ಸಿಂಹಾಸನವೇರಿದರು. ಪಿಯಾನೋ ವಾದಕನಾಗುವ ಕನಸು ಅಲ್ಲಿಗೆ ಮುಗಿಯಿತು. ಒಬ್ಬನಿಗೆ ಸಿಂಹಾಸನ ಸಿಕ್ಕಿದ್ದನ್ನು ನಷ್ಟವೆಂದು ಕರೆದರೆ ನಗುವವರು ಹೆಚ್ಚು. ಆದರೆ ಕರ್ತವ್ಯದ ಸಲುವಾಗಿ ಇಷ್ಟವಾದದ್ದನ್ನು ಮೂಲೆಗಿಟ್ಟ ಗುಮಾಸ್ತನೂ ಆ ನೋವನ್ನು ಬಲ್ಲ. ಅದು ಕಿರೀಟವನ್ನು ನೋಡಿ ಬರುವುದೂ ಅಲ್ಲ, ಬಿಡುವುದೂ ಅಲ್ಲ.

ಮುಂದೆ ಅವರು ಎರಡು ಕೆಲಸ ಮಾಡಿದರು. ಮೈಸೂರು ವಾಸುದೇವಾಚಾರ್ಯರಂಥವರ ಸಹವಾಸದಲ್ಲಿ ಕರ್ನಾಟಕ ಸಂಗೀತದ ಕಡೆ ತಿರುಗಿ, ಶ್ರೀವಿದ್ಯಾ ಎಂಬ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಇದು ನಮಗೆ ತಿಳಿದದ್ದೇ. ಎರಡನೆಯದು ಲಂಡನ್ನಿನಲ್ಲಿ ಹೆಚ್ಚು ಪರಿಚಿತವಾದದ್ದು. ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ವಾಗ್ಗೇಯಕಾರ—ಆ ಮಾತನ್ನು ಅವರಿಗೆ ಸಲ್ಲಿಸಬಹುದಾದರೆ—ಕ್ರಾಂತಿಯ ಅನಂತರ ದೇಶ ಬಿಟ್ಟು, 1930ರ ದಶಕದಲ್ಲಿ ಲಂಡನ್ನಿನಲ್ಲಿ ನೆಲೆಸಿದ್ದರು. ಯುದ್ಧ ಬಂದು ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು. ಹೃದಯದ ಕಾಯಿಲೆ, ಪಾಠ ಹೇಳಿ ಬದುಕಬೇಕಾದ ಸ್ಥಿತಿ. ಅವರ ಸಂಗೀತ ಹಳೆಯ ಕಾಲದ್ದೆಂದು ಮರೆತ ಊರು. ಅಂಥ ಹೊತ್ತಿನಲ್ಲಿ ಮೈಸೂರಿನ ಮಹಾರಾಜರು, ಅವರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಿಸುವ ವೆಚ್ಚವನ್ನು ವಹಿಸಿಕೊಂಡರು. ಎಚ್‌ಎಂವಿ ಕಂಪನಿ ಮುದ್ರಿಸಿತು. ಮೂರು ಪಿಯಾನೋ ಕಾನ್ಸರ್ಟೋಗಳು ಹೊರಬಂದವು. ಮೂರನೆಯದನ್ನು ಮೆಟ್ನರ್ ಮಹಾರಾಜರಿಗೆ ಅರ್ಪಿಸಿದರು. ಅಪ್ಪಟ ಕೋಣೆಯ ಸಂಗೀತವಾದ ಒಂದು ಪಿಯಾನೋ ಪಂಚಕವನ್ನು ಅವರು ಯೌವನದಲ್ಲಿ ಆರಂಭಿಸಿ, ನಾಲ್ಕು ದಶಕಗಳ ಮೇಲೆ 1949ರಲ್ಲಿ ಮುಗಿಸಿದರು. 1951ರಲ್ಲಿ ಕಾಲವಾದರು. ಇಂದು ಜಗತ್ತಿನ ದೊಡ್ಡ ಪಿಯಾನೋ ವಾದಕರು ಮೆಟ್ನರರನ್ನು ನುಡಿಸುತ್ತಿರುವುದರಲ್ಲಿ ಆ ತಟ್ಟೆಗಳ ಪಾಲು ಸಣ್ಣದಲ್ಲ.

ಇಲ್ಲಿ ನನ್ನ ಮಿತ್ರರೊಬ್ಬರು ಎತ್ತಿದ ಆಕ್ಷೇಪಣೆಯನ್ನು ಹೇಳದಿದ್ದರೆ ತಪ್ಪಾಗುತ್ತದೆ. ಅವರು ಕಾರ್ಮಿಕ ಸಂಘಟನೆಯಲ್ಲಿ ಬಹುಕಾಲ ಇದ್ದವರು. 'ಅದೆಲ್ಲ ಸರಿಯಯ್ಯ, ಆ ವರ್ಷಗಳಲ್ಲಿ ನಮ್ಮಲ್ಲಿ ಧಾನ್ಯಕ್ಕೆ ಪಡಿಚೀಟಿ ಇತ್ತು. ಮಂಡ್ಯದ ರೈತನ ಬೆವರಿನಿಂದ ಬಂದ ದುಡ್ಡು ಲಂಡನ್ನಿನ ಪಿಯಾನೋಕ್ಕೆ ಹೋಗಬೇಕಾಗಿತ್ತೆ?' ಎಂದರು. ಪ್ರಶ್ನೆ ಕಠಿನವಾದದ್ದು; ಕಲೆಯ ಹೆಸರು ಹೇಳಿ ಅದರಿಂದ ನುಣುಚಿಕೊಳ್ಳಬಾರದು. ಹಸಿದವನ ಅನ್ನಕ್ಕೂ ಬೇರೊಬ್ಬನ ಪಂಚಕಕ್ಕೂ ತಕ್ಕಡಿ ಹಿಡಿದರೆ ಅನ್ನವೇ ತೂಗಬೇಕು. ಆದರೆ ಈ ತಕ್ಕಡಿಯನ್ನು ನಾವು ಸಂಗೀತ ಬಂದಾಗ ಮಾತ್ರ ಹಿಡಿಯುತ್ತೇವೆ. ಅರಸರು ಕುದುರೆಗೆ, ಬೇಟೆಗೆ, ಮೋಟಾರಿಗೆ ಸುರಿದ ಹಣದ ಲೆಕ್ಕವನ್ನು ಯಾರೂ ಇಷ್ಟು ಕಟ್ಟುನಿಟ್ಟಾಗಿ ಕೇಳಿದಂತಿಲ್ಲ. ನನ್ನ ಮಗಳ ಮದುವೆಯಲ್ಲಿ ವಿದ್ಯುದ್ದೀಪದ ಹೂಮಾಲೆಗೆ ಎಷ್ಟು ಕೊಟ್ಟೆನೆಂಬುದನ್ನು ನಾನೂ ಕೇಳಿಕೊಂಡಿರಲಿಲ್ಲ. ತುತ್ತೂರಿಯ ಲೆಕ್ಕ ಮಾತ್ರ ಸಾವಿರದವರೆಗೂ ನೆನಪಿತ್ತು. ಮಿತ್ರರ ಆಕ್ಷೇಪಣೆಯನ್ನು ನಾನು ಪೂರ್ತಿ ನಿವಾರಿಸಲಾರೆ. ಅದು ಹಾಗೆಯೇ ಇರಲಿ. ಒಳ್ಳೆಯ ಕೆಲಸದ ಪಕ್ಕದಲ್ಲಿ ಅಂಥದೊಂದು ಮುಳ್ಳು ಇರುವುದು ಕ್ಷೇಮ.

ಹಣದ ಮಾತು ಬಿಟ್ಟು ನೋಡಿದರೆ, ಆ ಪ್ರಸಂಗದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆ. ಮಹಾರಾಜರು ಮೊದಲು ಕೇಳಿದ್ದರು. ಅಷ್ಟು ದೂರದಲ್ಲಿ, ಬೇರೆ ಧರ್ಮ, ಬೇರೆ ಭಾಷೆ, ಬೇರೆ ಸ್ವರಪದ್ಧತಿಯ ಒಬ್ಬ ಮುದುಕ ಬರೆದದ್ದು ಇವರ ಕಿವಿಗೆ ಹತ್ತಿತ್ತು. ಹಣ ಆಮೇಲೆ ಹೋಯಿತು. ಕೇಳಿದವನು ಕೊಟ್ಟದ್ದಕ್ಕೂ, ಕೇಳದೆ ಬಿಸಾಡಿದ್ದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಋಣ ತೀರಿಸುವ ಕೆಲಸ. ಎರಡನೆಯದು ಕೈ ತೊಳೆದುಕೊಳ್ಳುವ ಕೆಲಸ.

ಇನ್ನೊಂದು ಪ್ರಸಂಗ ಇದಕ್ಕಿಂತಲೂ ವಿಚಿತ್ರವಾದದ್ದು. ಜರ್ಮನಿಯ ರಿಚರ್ಡ್ ಸ್ಟ್ರೌಸ್ 1948ರಲ್ಲಿ, ಎಂಬತ್ತು ದಾಟಿದ ಮೇಲೆ, ವಾದ್ಯವೃಂದದೊಡನೆ ಹಾಡತಕ್ಕ ನಾಲ್ಕು ಗೀತೆಗಳನ್ನು ರಚಿಸಿದರು, 1949ರಲ್ಲಿ ತೀರಿಕೊಂಡರು. ಅವು ಮೊದಲು ಸಭೆಯಲ್ಲಿ ಕೇಳಿಸಿದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ವೃಂದವನ್ನು ನಡೆಸಿದವರು ಫುರ್ಟ್‌ವೆಂಗ್ಲರ್. ಆ ಕಛೇರಿಗೆ ಹಣದ ಭರವಸೆ ಕೊಟ್ಟು ನಿಂತವರು ನಮ್ಮ ಮಹಾರಾಜರು. ತಾವು ಸಭೆಯಲ್ಲಿರಲಿಲ್ಲ; ಅವರಿಗಾಗಿ ಅಂದಿನ ಗಾಯನದ ಮುದ್ರಣ ಮಾಡಿದರು. ಈಗ ಹಿತ್ತಾಳೆಯ ಮಾತಿಗೆ ಬನ್ನಿ. ಆ ಗೀತೆಗಳಲ್ಲಿ ಸೆಪ್ಟೆಂಬರ್ ತಿಂಗಳ ಹೆಸರಿನದೊಂದಿದೆ. ಹಾಡುವ ದನಿ ನಿಂತ ಮೇಲೆ, ಕೊನೆಯಲ್ಲಿ ಒಂದು ಹಾರ್ನ್ ವಾದ್ಯ ತಾನೊಂದೇ ಮೆಲ್ಲಗೆ ಮಾತನಾಡುತ್ತದೆ. ಸ್ಟ್ರೌಸರ ತಂದೆ ಫ್ರಾಂಟ್ಸ್ ಸ್ಟ್ರೌಸ್ ಮ್ಯೂನಿಕ್ ಆಸ್ಥಾನದ ವಾದ್ಯವೃಂದದಲ್ಲಿ ಹಾರ್ನ್ ಊದುತ್ತಿದ್ದವರು. ಆಸ್ಥಾನದ ಊಳಿಗದ ಒಬ್ಬ ತುತ್ತೂರಿಯವನ ಮಗ, ತನ್ನ ಬದುಕಿನ ಕೊನೆಯಲ್ಲಿ, ಎಲ್ಲ ವಾದ್ಯಗಳನ್ನೂ ಬಿಟ್ಟು ಅದೇ ಹಿತ್ತಾಳೆಗೆ ಕೊನೆಯ ಮಾತು ಕೊಟ್ಟ. ಮೈಸೂರಿನ ಒಬ್ಬ ದೊರೆ ಅದು ಲೋಕಕ್ಕೆ ಕೇಳಿಸುವಂತೆ ಮಾಡಿದ. ಹಾರ್ನು ಇಲ್ಲಿ ಬೀದಿಯದೂ ಅಲ್ಲ, ಯುದ್ಧದ್ದೂ ಅಲ್ಲ. ಕೋಣೆಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತಿನಷ್ಟು ಮೃದು. ಹಿತ್ತಾಳೆ ಕೂಗುವುದಷ್ಟನ್ನೇ ಬಲ್ಲದು ಎಂಬ ನನ್ನ ತೀರ್ಪು ಅಲ್ಲಿಗೆ ಸುಳ್ಳಾಯಿತು.

ಅದೇ ಆಲ್ಬರ್ಟ್ ಹಾಲಿಗೆ ನಲವತ್ತನಾಲ್ಕು ವರ್ಷಗಳ ಮೇಲೆ, 1994ರಲ್ಲಿ, ದಕ್ಷಿಣ ಕನ್ನಡದ ಒಬ್ಬ ನಾಗಸ್ವರದವರ ಮಗ ಸ್ಯಾಕ್ಸೋಫೋನ್ ಹಿಡಿದು ಹೋದರು. ಕದ್ರಿ ಗೋಪಾಲನಾಥರು ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯವನ್ನು ಕೇಳಿ, ತನಗೆ ಇದೇ ಬೇಕೆಂದು ಹಟ ಹಿಡಿದರು. ಸ್ಯಾಕ್ಸೋಫೋನನ್ನು 1846ರಲ್ಲಿ ಪ್ಯಾರಿಸಿನಲ್ಲಿ ತನ್ನ ಹೆಸರಿಗೆ ಮಾಡಿಸಿಕೊಂಡ ಅಡಾಲ್ಫ್ ಸ್ಯಾಕ್ಸ್, ಅದರಲ್ಲಿ ಮುಂದೊಂದು ದಿನ ಕಲ್ಯಾಣಿ ಕೇಳಿಸೀತೆಂದು ಕನಸಿನಲ್ಲೂ ಎಣಿಸಿರಲಾರ. ಅದರ ಮೈ ಹಿತ್ತಾಳೆಯದು, ಬಾಯಲ್ಲಿ ಪೀಪಿಯಿರುವುದರಿಂದ ಪಂಡಿತರು ಅದನ್ನು ಮರದ ವಾದ್ಯಗಳ ಪಂಕ್ತಿಗೆ ಸೇರಿಸಿದ್ದಾರೆ. ಯಾವ ಪಂಕ್ತಿಯಲ್ಲಿ ಕೂರಿಸಿದರೂ ಅದು ಸಂಗೀತ ಸಭೆಗಳ ಒಳಗೆ ಬರಲು ಒಬ್ಬ ಮನುಷ್ಯನ ಇಡೀ ಆಯುಷ್ಯ ಬೇಕಾಯಿತು. 2004ರಲ್ಲಿ ಪದ್ಮಶ್ರೀ ಬಂತು. 2019ರಲ್ಲಿ ಅವರು ಕಾಲವಾದರು. ಇಂದು ಕರಾವಳಿಯ ಮದುವೆಮನೆಗಳಲ್ಲಿ ಸ್ಯಾಕ್ಸೋಫೋನ್ ಇಲ್ಲದಿದ್ದರೆ ಏನೋ ಕೊರತೆ ಎನ್ನುತ್ತಾರೆ. ಬೀದಿಯಿಂದ ಸಭೆಗೆ, ಸಭೆಯಿಂದ ಮತ್ತೆ ಮನೆಯಂಗಳಕ್ಕೆ. ದಾರಿ ಎರಡೂ ಕಡೆಗೆ ತೆರೆದಿದೆಯೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹೀಗೆಲ್ಲ ಓದಿಕೊಂಡು, ಕೇಳಿಕೊಂಡು, ನಾನು ಒಂದು ತೀರ್ಮಾನಕ್ಕೆ ಬಂದೆ: ನಾನು ಕೋಣೆಯ ಸಂಗೀತವನ್ನು ಗೌರವಿಸಿ ಬೀದಿಯ ಸಂಗೀತವನ್ನು ಕಡೆಗಣಿಸಿದೆ, ಅದೇ ನನ್ನ ತಪ್ಪು ಎಂದು. ಆದರೆ ಮನಸ್ಸು ಅಲ್ಲಿಗೂ ನಿಲ್ಲಲಿಲ್ಲ. ಆರತಕ್ಷತೆಯ ದಿನ ವೀಣೆಯವರು ಏನು ನುಡಿಸಿದರು? ನೆನಪಿಗೆ ಬರಲಿಲ್ಲ. ನಾನು ಬಾಗಿಲಲ್ಲಿ ನಿಂತು ಬಂದವರಿಗೆ ಕೈ ಮುಗಿಯುತ್ತಿದ್ದೆ. ಸಭಿಕರು ಸಾಲಿನಲ್ಲಿ ನಿಂತು ಫೋಟೋಕ್ಕೆ ಕಾಯುತ್ತಿದ್ದರು. ಆ ವಿದ್ವಾಂಸರು ಎರಡು ಗಂಟೆ ಕಾಲ ತಟ್ಟೆಗಳ ಸದ್ದಿನೊಡನೆ ನುಡಿಸಿದರು. ಹಾಗಾದರೆ ನಾನು ಗೌರವಿಸಿದ್ದು ಕೋಣೆಯನ್ನು, ಸಂಗೀತವನ್ನಲ್ಲ. ಶಾಲು ಹೊದಿಸಿದ್ದು ನನ್ನ ಅಂತಸ್ತಿಗೆ, ಅವರ ವೀಣೆಗಲ್ಲ. ಬೀದಿಯವರನ್ನು ಅಗ್ಗಕ್ಕೆ ಕೊಂಡೆ, ಒಳಗಿನವರನ್ನು ದುಬಾರಿಗೆ ಕೊಂಡೆ. ಕೇಳಿದ್ದು ಮಾತ್ರ ಯಾರನ್ನೂ ಅಲ್ಲ. ಬೆಲೆ ಎರಡಿತ್ತು, ಕಿವುಡು ಒಂದೇ.

ಎಲ್ಲ ಸದ್ದನ್ನೂ ಕೇಳಲೇಬೇಕೆಂದು ನಾನು ಹೇಳುವುದಿಲ್ಲ. ಕಿವಿಗೆ ರೆಪ್ಪೆಯಿಲ್ಲ, ಪಕ್ಕದ ಮನೆಯಲ್ಲಿ ಕಾಯಿಲೆಯವರಿರುತ್ತಾರೆ, ಪರೀಕ್ಷೆಗೆ ಓದುವ ಮಕ್ಕಳಿರುತ್ತಾರೆ. ಬೀದಿಯ ಸಂಗೀತ ಕೇಳುಗನ ಒಪ್ಪಿಗೆ ಕೇಳುವುದಿಲ್ಲ ಎಂಬುದು ನಿಜವಾದ ದೂರು. ಬ್ಯಾಂಡಿನವರ ಶ್ರುತಿ ಎಷ್ಟೋ ಸಲ ಕೂಡುವುದಿಲ್ಲ ಎಂಬುದೂ ನಿಜ. ಹೊಗಳಿಕೆ ಯಾರಿಗೂ ಸಾಲವಾಗಿ ಸಲ್ಲತಕ್ಕದ್ದಲ್ಲ. ಆದರೆ ಇದು ಹೀನ, ಇದು ಉತ್ತಮ ಎಂದು ವಿಂಗಡಿಸುವ ಹಕ್ಕಾದರೂ ಕೇಳಿದವನಿಗೆ ಬರಬೇಕಾದದ್ದು. ಕೇಳದೆ ತೀರ್ಪು ಕೊಡುವ ನ್ಯಾಯಾಧೀಶನನ್ನು ನಾವು ಬೇರೆಲ್ಲಿಯೂ ಸಹಿಸುವುದಿಲ್ಲ. ನಾವೇ ಕರೆಸಿ, ನಮ್ಮ ಮನೆಯ ಸಂತೋಷಕ್ಕೆ ಉಸಿರು ಕೊಡಿ ಎಂದು ಕೇಳಿಕೊಂಡವರ ವಿಷಯದಲ್ಲಂತೂ ಒಂದು ಗಳಿಗೆ ಕಿವಿಗೊಡುವುದು ದಾನವಲ್ಲ, ದಾಕ್ಷಿಣ್ಯವೂ ಅಲ್ಲ. ಅದು ಕರಾರಿನ ಭಾಗ. ಕರಾರಿನಲ್ಲಿ ಬರೆಯದೆ ಬಿಟ್ಟ ಭಾಗ.

ಈಗ ಟೀ ಅಂಗಡಿಗೆ ಬರುತ್ತೇನೆ. ಆ ದಿನ ಗುರುತು ಹತ್ತಿದ ಮೇಲೆ ನನಗೆ ಹಿಡಿದುಕೊಂಡ ಸಾವಿರ ರೂಪಾಯಿಯ ನೆನಪಾಗಿ ನಾಚಿಕೆಯಾಯಿತು. ಜೇಬಿನಿಂದ ನೋಟು ತೆಗೆದು, 'ಮಾಸ್ಟ್ರೇ, ಅವತ್ತಿನದು ಬಾಕಿ' ಎಂದೆ. ಅವರು ಕೈ ಚಾಚಲಿಲ್ಲ.

'ದುಡ್ಡು ಬುಡಿ ಸಾರ್. ಹನ್ನೆರಡು ಅಂತ ಮಾತಾಡಿ ಹನ್ನೊಂದು ಜನ ಬಂದಿದ್ದು ನಮ್ ತಪ್ಪೇ. ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ಗುಡಿಯಿಂದ ಹೊರಟಾಗ ಮಿಕ್ಕೋರೆಲ್ಲ ನಿಲ್ಸಿ ನಾನೊಬ್ನೇ ಊದಿದ್ನಲ್ಲ, ಅದು ಏನು ಅಂತ ಗೊತ್ತಾಯ್ತಾ ನಿಮಗೆ?'

ನಾನು ಯೋಚಿಸಿದೆ. ಗುಡಿಯಿಂದ ಹೊರಟದ್ದು ನೆನಪಿದೆ. ಐಸ್‌ಕ್ರೀಮಿನವನು ಬರಲಿಲ್ಲವೆಂದು ಮಂಟಪದಿಂದ ಫೋನು ಬಂದದ್ದು ನೆನಪಿದೆ. ಗಂಟೆ ಏಳೂಕಾಲಾಗಿದ್ದದ್ದು ನೆನಪಿದೆ. ತುತ್ತೂರಿಯ ನೆನಪಿಲ್ಲ. ತಲೆಯಾಡಿಸಿದೆ.

'ಮೋಹನ ಸಾರ್. ನಮ್ಮಪ್ಪ ವಾಲಗದಲ್ಲಿ ಊದ್ತಿದ್ದದ್ದು. ಗುಂಡಿ ವಾದ್ಯದಲ್ಲಿ ಹಂಗೆ ಬರಲ್ಲ ಅದು. ಹದಿನೈದು ವರ್ಸ ಹಿಡೀತು ನಂಗೆ. ಪ್ರತಿ ಮದುವೇಲೂ ಒಂದ್ಸಲ ಊದ್ತೀನಿ, ಯಾರಾದ್ರೂ ಒಬ್ಬರು ತಿರುಗಿ ನೋಡ್ತಾರೇನೋ ಅಂತ. ಆಮ್ಯಾಕೆ ಸಿನಿಮಾ ಹಾಡು ಇದ್ದೇ ಐತಲ್ಲ.'

ಟೀ ಲೋಟ ಕೆಳಗಿಟ್ಟು, 'ಸಿಫ್ಟಿಗೆ ಹೊತ್ತಾಯ್ತು, ಬತ್ತೀನಿ ಸಾರ್' ಎಂದು ಹೊರಟರು. ಅವರ ಮಾತಿನಲ್ಲಿ ಆಪಾದನೆಯಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಈಗ ಮುಹೂರ್ತದ ದಿನಗಳಲ್ಲಿ ಸಂಜೆ ಕಿಟಕಿ ಮುಚ್ಚುವುದಿಲ್ಲ. ಬ್ಯಾಂಡು ಬಂದರೆ ರಸ್ತೆಯ ಪಕ್ಕಕ್ಕೆ ಹೋಗಿ ನಿಲ್ಲುತ್ತೇನೆ. ಲಾರಿಗಳ ಅಬ್ಬರದಲ್ಲಿ ಅರ್ಧ ಕೇಳುತ್ತದೆ, ಅರ್ಧ ಇಲ್ಲ. ಎರಡು ಸಲ ಬೇರೆ ಬ್ಯಾಂಡುಗಳು ಹಾದುಹೋದವು, ಸಿನಿಮಾ ಹಾಡುಗಳೇ, ಒಂದರಲ್ಲಿ ಕ್ಲಾರಿಯೊನೆಟ್ಟು ಬಹಳ ಚೆನ್ನಾಗಿತ್ತು. ಮೋಹನ ಇನ್ನೂ ಸಿಕ್ಕಿಲ್ಲ. ಆ ಸಾವಿರ ರೂಪಾಯಿ ನನ್ನ ಮೇಜಿನ ಖಾನೆಯಲ್ಲಿ ಹಾಗೆಯೇ ಇದೆ.